ಸೊತ್ತಿಗಾಗಿ ಪ್ರಾಣ ತೆಗೆಯಬಹುದೆ?

ರಾತ್ರಿಯ ಕಡೆಯ ವಾರ್ತೆ ಮುಗಿದಿದೆ. ರೇಡಿಯೋವಿನ ಗುಂಡಿ ತಿರುಗಿಸಿ, ದೀಪ ಆರಿಸಿ, ಬಾಗಿಲಿನ ಅಗಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿ ನೀವು ಮಲಗಿದ್ದೀರಿ. ಒಂದು ನಿದ್ದೆ ಆಗಿದೆಯೋ ಇಲ್ಲವೋ, ಹಿತ್ತಲ ಕಡೆಯಿಂದ ಏನೋ ಸದ್ದು. ಬೆಕ್ಕಿರಬಹುದೆಂದುಕೊಳ್ಳುತ್ತೀರಿ. ಮತ್ತೆ ಸದ್ದು, ಈ ಸಲ ಚಿಲಕದ ಸದ್ದು. ಎದೆ ಹೊಡೆದುಕೊಳ್ಳುತ್ತದೆ. ಕೈಗೆ ಏನು ಸಿಕ್ಕಿದರೆ ಅದನ್ನು ಹಿಡಿದು ಏಳುತ್ತೀರಿ. ಆ ಗಳಿಗೆಯಲ್ಲಿ ಧರ್ಮಶಾಸ್ತ್ರವನ್ನಾಗಲಿ ದಂಡಸಂಹಿತೆಯನ್ನಾಗಲಿ ತೆರೆದು ನೋಡುವ ಬಿಡುವು ಯಾರಿಗೂ ಇರುವುದಿಲ್ಲ. ಆದಕಾರಣವೇ ಹಗಲು ಹೊತ್ತಿನಲ್ಲಿ, ಮನಸ್ಸು ತಿಳಿಯಾಗಿರುವಾಗ, ಒಂದು ಪ್ರಶ್ನೆಯನ್ನು ಯೋಚಿಸಿಟ್ಟುಕೊಂಡಿರುವುದು ಒಳ್ಳೆಯದು. ನಮ್ಮ ಸೊತ್ತನ್ನು ಉಳಿಸಿಕೊಳ್ಳುವುದಕ್ಕಾಗಿ ಇನ್ನೊಬ್ಬನ ಪ್ರಾಣವನ್ನು ತೆಗೆಯುವ ಅಧಿಕಾರ ನಮಗುಂಟೆ?

ಹೈಸ್ಕೂಲಿನ ತರಗತಿಯಲ್ಲಿ ನಾನು ಈ ಪ್ರಶ್ನೆಯನ್ನು ಒಂದೆರಡು ಬಾರಿ ಹುಡುಗರ ಮುಂದೆ ಇಟ್ಟು ನೋಡಿದ್ದೇನೆ. ಹೆಚ್ಚು ಕೈಗಳು ಮೇಲೇಳುವುದು ಒಂದೇ ಉತ್ತರಕ್ಕೆ: “ಕಳ್ಳ ತಾನೇ ಸಾರ್, ಹೊಡೆದು ಹಾಕಬಹುದು.” ಹಿರಿಯರನ್ನು ಕೇಳಿದರೂ ಉತ್ತರ ಬಹಳ ಬೇರೆಯಾಗಿರದು, ಅವರು ಕೈಯೆತ್ತುವುದಿಲ್ಲ, ಅಷ್ಟೆ. “ನಮ್ಮ ಮನೆ, ನಮ್ಮ ಗಂಟು, ಬಂದವನದೇ ತಪ್ಪು” ಎಂಬುದು ಸಾಮಾನ್ಯವಾಗಿ ಎಲ್ಲರ ಒಳಮನಸ್ಸಿನ ಮಾತು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ಅದು ಜಾರುತ್ತದೆ ಎಂಬುದನ್ನು ಪರಿಶೀಲಿಸೋಣ.

ಮೊದಲು ಕೂಡಿಕೊಂಡಿರುವ ಮೂರು ಸಂಗತಿಗಳನ್ನು ಬಿಡಿಸಿಡಬೇಕು. ಕಳ್ಳನನ್ನು ತಡೆಯುವುದು ಒಂದು. ಅವನು ಎತ್ತಿಕೊಂಡದ್ದನ್ನು ಮರಳಿ ಪಡೆಯುವುದು ಇನ್ನೊಂದು. ಮಾಡಿದ ತಪ್ಪಿಗೆ ಅವನನ್ನು ಶಿಕ್ಷಿಸುವುದು ಮೂರನೆಯದು. ಮೊದಲನೆಯದು ಮನೆಯೊಡೆಯನ ಹಕ್ಕು. ಅದನ್ನು ಯಾವ ನಾಗರಿಕ ಸಮಾಜವೂ ಅಲ್ಲಗಳೆದಿಲ್ಲ. ಎರಡನೆಯದೂ ಒಂದು ಮಿತಿಯೊಳಗೆ ಅವನದೇ. ಮೂರನೆಯದು ಅವನದಲ್ಲ, ಅದು ನ್ಯಾಯಾಲಯದ್ದು. ನಮ್ಮ ಕೋಪಕ್ಕೆ ಈ ಮೂರರ ನಡುವಣ ಗೆರೆ ಕಾಣಿಸುವುದಿಲ್ಲ. ತಡೆಯಲು ಎತ್ತಿದ ಕೋಲು ಶಿಕ್ಷಿಸುವ ಕೋಲಾಗುವುದು ಯಾವ ಏಟಿನಲ್ಲಿ ಎಂಬುದು ಏಟು ಕೊಡುವವನಿಗೇ ತಿಳಿಯುವುದಿಲ್ಲ.

ಇನ್ನು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಮೆಕಾಲೆಯ ನೇತೃತ್ವದ ಆಯೋಗವು 1837ರಲ್ಲಿ ಕರಡನ್ನು ಸಿದ್ಧಪಡಿಸಿದ ಭಾರತೀಯ ದಂಡಸಂಹಿತೆ 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಆತ್ಮರಕ್ಷಣೆಯ ಮತ್ತು ಸ್ವತ್ತುರಕ್ಷಣೆಯ ಹಕ್ಕಿನ ವಿಷಯದಲ್ಲಿ ಹಳೆಯ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳು ಹೊಸದರಲ್ಲಿ 34ರಿಂದ 44ರವರೆಗಿನ ಕಲಮುಗಳಾಗಿ, ಬಹುಮಟ್ಟಿಗೆ ಹಾಗೆಯೇ ಉಳಿದುಬಂದಿವೆ. ಈ ಹಕ್ಕನ್ನು ಕೊಡುವುದರಲ್ಲಿ ಮೆಕಾಲೆಯ ಆಯೋಗವು ಕೃಪಣತನ ತೋರಲಿಲ್ಲ. ಈ ನಾಡಿನ ಜನ ದರೋಡೆಕೋರರ ಮುಂದೆ ತಲೆ ಬಾಗಿಸಿ ಸುಮ್ಮನಿರುತ್ತಾರೆ, ಅವರಲ್ಲಿ ಎದುರು ನಿಲ್ಲುವ ಕೆಚ್ಚನ್ನು ಬೆಳೆಸಬೇಕು ಎಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು.

ಹೀಗಿದ್ದರೂ ಸ್ವತ್ತಿನ ರಕ್ಷಣೆಗಾಗಿ ಪ್ರಾಣಹಾನಿಯವರೆಗೂ ಹೋಗಬಹುದಾದ ಸಂದರ್ಭಗಳನ್ನು ಕಾನೂನು ಬೆರಳೆಣಿಕೆಯಷ್ಟಕ್ಕೆ ಕಟ್ಟಿಹಾಕಿದೆ. ಅವು ನಾಲ್ಕು. ಒಂದು, ಸುಲಿಗೆ, ಎಂದರೆ ಹಿಂಸೆಯಿಂದಲೋ ಹಿಂಸೆಯ ಭಯದಿಂದಲೋ ಕಿತ್ತುಕೊಳ್ಳುವುದು. ಎರಡು, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆಗೆ ಕನ್ನ ಹಾಕುವುದು. ಮೂರು, ಜನ ವಾಸಿಸುವ ಅಥವಾ ಸಾಮಾನು ಇಟ್ಟಿರುವ ಕಟ್ಟಡಕ್ಕೆ ಬೆಂಕಿಯಿಂದಲೋ ಸಿಡಿಮದ್ದಿನಿಂದಲೋ ಹಾನಿ ಮಾಡುವುದು. ನಾಲ್ಕು, ಕಳವು, ಹಾನಿ ಅಥವಾ ಮನೆಯ ಅತಿಕ್ರಮಪ್ರವೇಶ. ಆದರೆ ತಡೆಯದಿದ್ದರೆ ಸಾವು ಅಥವಾ ತೀವ್ರವಾದ ಗಾಯ ಸಂಭವಿಸೀತೆಂಬ ಭಯಕ್ಕೆ ನ್ಯಾಯವಾದ ಕಾರಣವಿದ್ದಾಗ ಮಾತ್ರ. ಇವನ್ನು ಬಿಟ್ಟು ಉಳಿದ ಸಂದರ್ಭಗಳಲ್ಲಿ ತಡೆಯಲು ಬಲವನ್ನು ಪ್ರಯೋಗಿಸಬಹುದೇ ಹೊರತು ಪ್ರಾಣ ತೆಗೆಯುವಂತಿಲ್ಲ. ಈ ನಾಲ್ಕರಲ್ಲಿಯೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡಕೂಡದು. ಸರ್ಕಾರದ ರಕ್ಷಣೆಯನ್ನು ಪಡೆಯಲು ವೇಳೆಯಿದ್ದರೆ ಈ ಹಕ್ಕೇ ಇಲ್ಲ ಎಂಬ ಎರಡು ಕಟ್ಟಳೆಗಳು ಎಲ್ಲಕ್ಕೂ ಅನ್ವಯಿಸುತ್ತವೆ.

ಈ ನಾಲ್ಕನ್ನು ಇನ್ನೊಮ್ಮೆ ಓದಿ ನೋಡಿ. ಸುಲಿಗೆಯಲ್ಲಿ ಮನುಷ್ಯನ ಮೈಗೆ ಅಪಾಯವುಂಟು. ವಾಸದ ಮನೆಗೆ ಬೆಂಕಿಯಿಟ್ಟರೆ ಒಳಗಿರುವವರು ಬೇಯುತ್ತಾರೆ. ನಾಲ್ಕನೆಯದರಲ್ಲಂತೂ ಪ್ರಾಣಭಯವನ್ನು ಬಾಯಿಬಿಟ್ಟೇ ಹೇಳಿದೆ. ಹೆಸರು ಸ್ವತ್ತಿನ ರಕ್ಷಣೆಯೆಂದಿದ್ದರೂ ಒಳಗೆ ನಿಂತಿರುವುದು ಬಹುಮಟ್ಟಿಗೆ ಪ್ರಾಣದ ರಕ್ಷಣೆಯೇ. ಹಾಗಾದರೆ ಎರಡನೆಯದೇಕೆ? ರಾತ್ರಿಯ ಕನ್ನಗಳ್ಳನ ಕೈಯಲ್ಲಿ ಕತ್ತಿಯಿರಲೇಬೇಕೆಂದು ಕಾನೂನು ಕೇಳುವುದಿಲ್ಲವಲ್ಲ?

ಇದು ಮೆಕಾಲೆ ಹುಟ್ಟಿಸಿದ ವಿವೇಚನೆಯಲ್ಲ, ಬಹಳ ಪ್ರಾಚೀನವಾದದ್ದು. ಕ್ರಿ.ಪೂ. ಐದನೆಯ ಶತಮಾನದ ರೋಮನರ ಹನ್ನೆರಡು ಫಲಕಗಳ ಶಾಸನದಲ್ಲಿ ರಾತ್ರಿಯ ಕಳ್ಳನನ್ನು ಕೊಂದರೆ ತಪ್ಪಿಲ್ಲ. ಹಗಲು ಕಳ್ಳನನ್ನು ಅವನು ಆಯುಧದಿಂದ ಎದುರು ಬಿದ್ದರೆ ಮಾತ್ರ ಕೊಲ್ಲಬಹುದು. ಯೆಹೂದ್ಯರ ಧರ್ಮಗ್ರಂಥದ ವಿಮೋಚನಕಾಂಡದಲ್ಲಿಯೂ ಇದೇ ಭೇದವಿದೆ: ಕನ್ನ ಕೊರೆಯುವಾಗ ಸಿಕ್ಕಿ ಏಟು ತಿಂದು ಸತ್ತವನ ರಕ್ತಾಪರಾಧ ಹೊಡೆದವನಿಗೆ ತಟ್ಟದು, ಸೂರ್ಯ ಹುಟ್ಟಿದ ಮೇಲಾದರೆ ತಟ್ಟುತ್ತದೆ. ಕಳ್ಳನು ಒಯ್ಯುವ ಗಂಟು ಹಗಲಾದರೂ ಅದೇ, ಇರುಳಾದರೂ ಅದೇ. ಬೆಳ್ಳಿಯ ತಟ್ಟೆಯ ಬೆಲೆ ಸೂರ್ಯ ಮುಳುಗಿದೊಡನೆ ಏರುವುದಿಲ್ಲ. ಸ್ವತ್ತಿನ ಬೆಲೆಯೇ ಕಾರಣವಾಗಿದ್ದರೆ ಈ ಭೇದಕ್ಕೆ ಅರ್ಥವಿರುತ್ತಿರಲಿಲ್ಲ. ಕಾರಣ ಕತ್ತಲೆ. ಬಂದವನು ಕದಿಯಲು ಬಂದನೋ ಕೊಲ್ಲಲು ಬಂದನೋ, ಒಬ್ಬನೋ ನಾಲ್ವರೋ, ಕೈಯಲ್ಲಿರುವುದು ಗಡಾರಿಯೋ ಕಠಾರಿಯೋ ಕತ್ತಲೆಯಲ್ಲಿ ತಿಳಿಯುವುದಿಲ್ಲ, ಕೂಗಿದರೆ ಬರುವವರಿಲ್ಲ, ಹೆಂಡಿರು ಮಕ್ಕಳು ಅದೇ ಸೂರಿನ ಕೆಳಗೆ ಮಲಗಿದ್ದಾರೆ. ತಿಳಿಯಲಾರದ ಆ ಸ್ಥಿತಿಗೆ ಕಾನೂನು ತೋರಿಸಿದ ದಯೆ ಇದು. ಅಂಥ ಗಳಿಗೆಯಲ್ಲಿ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಕೊಡಲಾಗದೆಂದು ನ್ಯಾಯಾಲಯಗಳೂ ಹಲವು ಬಾರಿ ಒಪ್ಪಿಕೊಂಡಿವೆ.

ಆದರೆ ಕತ್ತಲೆಗೆ ಇನ್ನೊಂದು ಮುಖವೂ ಉಂಟು. ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ನಾವು ಒಂದು ತಾಲ್ಲೂಕು ಊರಿನಲ್ಲಿ ಹಳೆಯ ನಾಡಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ಆ ವಾರ ನಮ್ಮ ಬೀದಿಯಲ್ಲಿ ಎರಡು ಮನೆಗಳಲ್ಲಿ ಕಳವಾಗಿತ್ತು. ಮಳೆಗಾಲ; ಸಂಜೆಯಿಂದ ವಿದ್ಯುತ್ತು ಇರಲಿಲ್ಲ. ನಡುರಾತ್ರಿಯಲ್ಲಿ ಹಿತ್ತಲ ಬಾಗಿಲನ್ನು ಯಾರೋ ನೂಕುತ್ತಿದ್ದಾರೆಂದು ನನ್ನ ಹೆಂಡತಿ ಎಬ್ಬಿಸಿದಳು. ಅಡಿಗೆಮನೆಯ ಮೂಲೆಯಲ್ಲಿ ಒನಕೆಯಿತ್ತು. ಅದನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲ ಪಕ್ಕದಲ್ಲಿ ನಿಂತೆ. ಹಳೆಯ ಚಿಲಕ; ನಾಲ್ಕನೆಯ ನೂಕಿಗೆ ಕಿತ್ತುಬಂತು. ಬಾಗಿಲು ತೆರೆದು ಒಂದು ಆಕೃತಿ ತಲೆ ಬಗ್ಗಿಸಿ ಒಳಗೆ ಕಾಲಿಟ್ಟಿತು. ನಾನು ಒನಕೆಯನ್ನು ಎತ್ತಿದ್ದೆ. ಅದು ಇಳಿಯಲಿಲ್ಲ. ನಾನು ವಿವೇಕಿಯಾದುದರಿಂದ ಇಳಿಯಲಿಲ್ಲವೆಂದು ಹೇಳಿಕೊಳ್ಳಲಾರೆ. ತಗ್ಗಾದ ಮಾಡಿನ ತೊಲೆಗೆ ಒನಕೆಯ ತುದಿ ತಗುಲಿ ನಿಂತಿತು. ಅಷ್ಟರಲ್ಲಿ ಆ ಆಕೃತಿ, “ಸಾವಿತ್ರಿ, ದೀಪ ಯಾಕೆ ಹಚ್ಚಿಲ್ಲವೇ?” ಎಂದಿತು.

ಪಕ್ಕದ ಮನೆಯ ಯಜಮಾನರ ತಂದೆ ಅವರು. ಎಂಬತ್ತು ದಾಟಿತ್ತು, ವರ್ಷದಿಂದೀಚೆಗೆ ನೆನಪು ಕೈಕೊಡುತ್ತಿತ್ತು. ರಾತ್ರಿ ಎದ್ದು ಹಿತ್ತಲಿಗೆ ಹೋದವರು ಮರಳುವಾಗ ಮನೆ ತಪ್ಪಿದ್ದರು. ಸಾವಿತ್ರಿಯೆಂಬುದು ಎಂದೋ ತೀರಿಕೊಂಡ ಅವರ ಪತ್ನಿಯ ಹೆಸರು. ನಾನೇ ಕೈಹಿಡಿದು ಅವರನ್ನು ಮನೆಗೆ ಬಿಟ್ಟುಬಂದೆ. ಒನಕೆಯ ಸಂಗತಿಯನ್ನು ಅವರ ಮಗನಿಗೆ ಹೇಳಲಿಲ್ಲ. ಆ ತೊಲೆ ಇನ್ನು ನಾಲ್ಕು ಅಂಗುಲ ಎತ್ತರದಲ್ಲಿದ್ದಿದ್ದರೆ ಎಂಬ ಯೋಚನೆ ಇಂದಿಗೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಅಂದು ಒನಕೆ ಇಳಿದಿದ್ದರೆ ಕಾನೂನು ನನ್ನನ್ನು ಏನು ಮಾಡುತ್ತಿತ್ತು? ಪ್ರಾಯಶಃ ಬಿಟ್ಟುಬಿಡುತ್ತಿತ್ತು. ದಂಡಸಂಹಿತೆಯಲ್ಲಿಯೇ ಇದಕ್ಕೆ ಹತ್ತಿರವಾದ ಒಂದು ದೃಷ್ಟಾಂತವಿದೆ: ಒಬ್ಬನು ತಾನು ನ್ಯಾಯವಾಗಿ ಪ್ರವೇಶಿಸಬಹುದಾದ ಮನೆಯನ್ನು ರಾತ್ರಿ ಹೊಗುತ್ತಾನೆ, ಒಳಗಿದ್ದವನು ಸದ್ಭಾವನೆಯಿಂದಲೇ ಅವನನ್ನು ಕನ್ನಗಳ್ಳನೆಂದು ಭ್ರಮಿಸಿ ಮೇಲೆ ಬೀಳುತ್ತಾನೆ, ಹಾಗೆ ಬಿದ್ದವನು ಅಪರಾಧಿಯಲ್ಲ. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಪಕ್ಕದ ಮನೆಯಲ್ಲಿ ಮರುದಿನ ಏನು ನಡೆಯುತ್ತಿತ್ತು? ನಾನು ಆ ಮಗನ ಮುಖವನ್ನು ಹೇಗೆ ನೋಡುತ್ತಿದ್ದೆ? ಕಾನೂನು ಕ್ಷಮಿಸುವುದೆಲ್ಲ ಧರ್ಮವಾಗಿಬಿಡುವುದಿಲ್ಲ. ಕತ್ತಲೆ ನಮಗೆ ಅನುಮತಿ ಕೊಡುತ್ತದೆ. ಅದೇ ಕತ್ತಲೆ ನಮ್ಮ ಕೈಯಲ್ಲಿ ತಪ್ಪನ್ನೂ ಮಾಡಿಸುತ್ತದೆ.

ಇನ್ನು ನಮ್ಮ ಧರ್ಮಶಾಸ್ತ್ರಗಳತ್ತ ತಿರುಗೋಣ. “ಶಾಸ್ತ್ರವೇ ಆತತಾಯಿಯನ್ನು ಕೊಲ್ಲೆಂದು ಹೇಳಿದೆಯಲ್ಲ?” ಎಂದು ತಿಳಿದವರು ಕೇಳುವುದುಂಟು. ಆತತಾಯಿಗಳು ಆರು ಬಗೆ: ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧವೆತ್ತಿ ಬರುವವನು, ಧನವನ್ನು ಅಪಹರಿಸುವವನು, ಹೊಲವನ್ನು ಕಿತ್ತುಕೊಳ್ಳುವವನು, ಹೆಂಡತಿಯನ್ನು ಒಯ್ಯುವವನು. ಈ ಪಟ್ಟಿಯಲ್ಲಿ ಧನವೂ ಇದೆ, ಹೊಲವೂ ಇದೆ. ಎದುರು ಬರುವ ಆತತಾಯಿಯನ್ನು ವಿಚಾರ ಮಾಡದೆ ಕೊಲ್ಲಬಹುದೆಂಬ ಅರ್ಥದ ವಚನವೂ ಮನುಸ್ಮೃತಿಯಲ್ಲಿದೆ. ವಾದ ಇಲ್ಲಿಗೆ ಮುಗಿಯಿತೆಂದು ಹಲವರು ಪುಸ್ತಕ ಮುಚ್ಚುತ್ತಾರೆ.

ಆದರೆ ಈ ವಚನವನ್ನು ಎದುರಿಗಿಟ್ಟುಕೊಂಡು ತರ್ಕಿಸಿದವರೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದರು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಅವರು. ಯಾಜ್ಞವಲ್ಕ್ಯಸ್ಮೃತಿಗೆ ಅವರು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಹಿಂದೂ ದಾಯಭಾಗದ ವಿಷಯದಲ್ಲಿ ಇಂದಿಗೂ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುವ ಗ್ರಂಥ. ಎರಡು ವಚನಗಳು ಪರಸ್ಪರ ವಿರುದ್ಧವಾಗಿ ತೋರಿದಾಗ ಏನು ಮಾಡಬೇಕೆಂಬ ಪ್ರಕರಣದಲ್ಲಿ ಅವರು ಈ ಆತತಾಯಿಯ ವಚನವನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಕೊಲ್ಲಲೇಬೇಕೆಂಬ ವಿಧಿಯಾಗಿ ಅವರು ಒಪ್ಪುವುದಿಲ್ಲ. ಅವರು ಕೊಡುವ ನಿರ್ಣಯದ ತಾತ್ಪರ್ಯ ಇಷ್ಟು: ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವುದಕ್ಕಾಗಿ, ಕೊಲ್ಲುವ ಉದ್ದೇಶವಿಲ್ಲದೆ, ಆತತಾಯಿಯನ್ನು ನಿವಾರಿಸಬೇಕು; ಹಾಗೆ ನಿವಾರಿಸುವಾಗ ಅವನು ಪ್ರಮಾದದಿಂದ ಸತ್ತರೆ ಲಘುವಾದ ಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲ.

ಅಲ್ಲಿಯ ಚರ್ಚೆ ನಡೆದಿರುವುದು ಬ್ರಾಹ್ಮಣ ಮೊದಲಾದ ಆತತಾಯಿಗಳನ್ನು ಕುರಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಂದೊಂದು ವರ್ಣಕ್ಕೆ ಒಂದೊಂದು ಬೆಲೆ ಕಟ್ಟುತ್ತಿದ್ದ ಕಾಲದ ಗ್ರಂಥ ಅದು. ನಮ್ಮ ಸಂವಿಧಾನದ ಮುಂದೆ ಎಲ್ಲರ ಪ್ರಾಣವೂ ಒಂದೇ. ಆದುದರಿಂದ ಅಂದು ಕೆಲವರಿಗೆ ಹೇಳಿದ ಕರುಣೆಯನ್ನು ಇಂದು ಎಲ್ಲರಿಗೂ ಸಲ್ಲಿಸುವುದೇ ನ್ಯಾಯ. ಹಾಗೆ ಸಲ್ಲಿಸಿದರೆ ನಮ್ಮ ಪ್ರಶ್ನೆಗೆ ಬೇಕಾದ ಸೂತ್ರ ಅಲ್ಲಿಯೇ ಸಿಕ್ಕುತ್ತದೆ: ನಿವಾರಣೆಯೇ ಗುರಿ, ವಧೆಯಲ್ಲ. ಸಾವು ನಿವಾರಣೆಯ ಹಾದಿಯಲ್ಲಿ ಬಂದೊದಗಿದರೆ ಅದೊಂದು ದುರಂತ. ಸಾವನ್ನೇ ನಿವಾರಣೆಯ ಉಪಾಯವಾಗಿ ಹೂಡಿದರೆ ಅದು ಕೊಲೆ. ಪ್ರಮಾದಕ್ಕೂ ವಿಜ್ಞಾನೇಶ್ವರರು ಪ್ರಾಯಶ್ಚಿತ್ತವನ್ನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ರಾಜನು ಬಿಟ್ಟರೂ ಮನಸ್ಸಿಗೆ ತೊಳೆಯಬೇಕಾದದ್ದು ಉಳಿದಿರುತ್ತದೆ.

ಈ ಸೂತ್ರವನ್ನು ಒರೆಗೆ ಹಚ್ಚಿ ನೋಡಲು ಒಂದು ಮೊಕದ್ದಮೆಯಿದೆ. ಬಿಹಾರದ ಒಬ್ಬ ಮನೆಯೊಡೆಯ. ನೆರೆಮನೆಯವರ ಪಾಯಖಾನೆಯ ಗೋಡೆ ಬಿದ್ದುಹೋಯಿತು. ಆ ಮನೆಯವರು ಈತನ ಪಾಯಖಾನೆಯನ್ನು ಬಳಸತೊಡಗಿದರು. ಈತ ಬೇಡವೆಂದ, ಅವರು ಕೇಳಲಿಲ್ಲ. ಕೊನೆಗೆ ಈತ ಪಾಯಖಾನೆಯ ಹಾದಿಯಲ್ಲಿ ಹೊದಿಕೆಯಿಲ್ಲದ ತಂತಿಯನ್ನು ಕಟ್ಟಿ ಅದಕ್ಕೆ ಮನೆಯ ವಿದ್ಯುತ್ತನ್ನು ಹಾಯಿಸಿದ. ಎಚ್ಚರಿಕೆಯ ಮಾತೂ ಇಲ್ಲ, ಫಲಕವೂ ಇಲ್ಲ. ನೆರೆಮನೆಯ ಹೆಂಗಸೊಬ್ಬಳು ಹೇಗೋ ತಂತಿ ತಗುಲದಂತೆ ಒಳಗೆ ಹೋದಳು. ಹೊರಗೆ ಬರುವಾಗ ಕೈ ತಗುಲಿ ಸತ್ತಳು. ಸ್ವತ್ತನ್ನು ರಕ್ಷಿಸಿಕೊಳ್ಳುವ ಹಕ್ಕು ತನಗಿತ್ತೆಂದು ಆತ ವಾದಿಸಿದ. 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿ, ದುಡುಕಿನ ಕೃತ್ಯದಿಂದ ಸಾವುಂಟುಮಾಡಿದ ಅಪರಾಧವನ್ನು ಎತ್ತಿಹಿಡಿಯಿತು. ಅಪ್ಪಣೆಯಿಲ್ಲದೆ ಬಂದವರನ್ನು ತಡೆಯಲು ಒಡೆಯನು ಯುಕ್ತವಾದ ಏರ್ಪಾಡು ಮಾಡಿಕೊಳ್ಳಬಹುದು. ಆದರೆ ಅವರು ಅತಿಕ್ರಮಿಸಿ ಬಂದರೆಂಬ ಮಾತ್ರಕ್ಕೆ ಕಾನೂನಿನ ರಕ್ಷಣೆಯಿಂದ ಹೊರಗೆ ಬಿದ್ದವರಲ್ಲ, ಅವರಿಗೆ ಮೃತ್ಯುಪಾಶವನ್ನು ಒಡ್ಡುವ ಹಕ್ಕು ಒಡೆಯನಿಗಿಲ್ಲ ಎಂಬುದು ತೀರ್ಪಿನ ಸಾರ.

ತಂತಿಗೆ ಕಣ್ಣಿಲ್ಲವೆಂಬುದೇ ಇಲ್ಲಿಯ ಮುಖ್ಯ ಸಂಗತಿ. ಒನಕೆ ಹಿಡಿದ ನಾನು ಕೊನೆಯ ಗಳಿಗೆಯಲ್ಲಾದರೂ ಒಂದು ದನಿಯನ್ನು ಕೇಳಬಲ್ಲವನಾಗಿದ್ದೆ. ತಂತಿಗೆ ಕಳ್ಳನೂ ಒಂದೇ, ಬಾಲು ಹುಡುಕಿಕೊಂಡು ಬಂದ ಹುಡುಗನೂ ಒಂದೇ, ದಾರಿ ತಪ್ಪಿದ ವೃದ್ಧನೂ ಒಂದೇ. ಇಂಗ್ಲೆಂಡಿನಲ್ಲಿ ಹಿಂದೆ ಜಮೀನುದಾರರು ತೋಟಗಳಲ್ಲಿ ದಾರಕ್ಕೆ ಕಾಲು ತಗುಲಿದೊಡನೆ ತಾನೇ ಹಾರುವ ಬಂದೂಕುಗಳನ್ನು ಅಡಗಿಸಿಡುತ್ತಿದ್ದರು. 1827ರಲ್ಲಿ ಅಲ್ಲಿಯ ಪಾರ್ಲಿಮೆಂಟು ಇದನ್ನು ಅಪರಾಧವೆಂದು ಸಾರಿತು. ಆಗಲೂ ರಾತ್ರಿಯ ವೇಳೆ ವಾಸದ ಮನೆಯೊಳಗೆ ಇಡುವುದಕ್ಕೆ ವಿನಾಯಿತಿ ಉಳಿಸಿದ್ದರು. ಮತ್ತೆ ಅದೇ ರಾತ್ರಿ, ಅದೇ ಮನೆ! ಅಮೆರಿಕದ ಅಯೋವಾ ಸಂಸ್ಥಾನದಲ್ಲಿ 1967ರಲ್ಲಿ ದಂಪತಿಗಳಿಬ್ಬರು ತಾವು ವಾಸವಿಲ್ಲದ ಹಳೆಯ ಮನೆಯೊಂದರಲ್ಲಿ ಇಂಥ ಬಂದೂಕನ್ನು ಬಾಗಿಲಿಗೆ ಗುರಿಯಿಟ್ಟು ಕಟ್ಟಿದ್ದರು. ಹಳೆಯ ಶೀಸೆ, ಗಾಜಿನ ಭರಣಿಗಳನ್ನು ಕದಿಯಲು ಬಂದವನ ಕಾಲು ಛಿದ್ರವಾಯಿತು. ಕಳ್ಳನಿಗೇ ಒಟ್ಟು 30,000 ಡಾಲರು ಪರಿಹಾರ ಕೊಡಬೇಕೆಂಬ ತೀರ್ಪನ್ನು 1971ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಸ್ಥಿರಪಡಿಸಿತು. ಹಲವರಿಗೆ ಇದು ವಿಚಿತ್ರವೆನಿಸಿತು. ಆದರೆ ವಿಚಾರ ಮಾಡಿ: ಆ ಮನೆಯಲ್ಲಿ ಅಪಾಯಕ್ಕೊಳಗಾಗಬಹುದಾದ ಪ್ರಾಣ ಒಂದೇ ಒಂದಿತ್ತು, ಕಳ್ಳನದು.

ನಮ್ಮ ಕರ್ನಾಟಕದ ಕಾಡಂಚಿನ ಹೊಲಗಳಿಗೂ ಇದು ಸಲ್ಲುವ ಮಾತು. ಬೆಳೆ ಕಾಯಲು ಬೇಲಿಗೆ ನೇರವಾಗಿ ವಿದ್ಯುತ್ತು ಹಾಯಿಸಿ, ಆನೆಗಳೂ ಕೆಲವು ವೇಳೆ ಮನುಷ್ಯರೂ ಸತ್ತ ಸುದ್ದಿಯನ್ನು ನೀವು ವಾರ್ತೆಗಳಲ್ಲಿ ಕೇಳಿಯೇ ಇರುತ್ತೀರಿ. ಅದೇ ಹೊಲದ ಸುತ್ತ ಸೌರಶಕ್ತಿಯ ಬೇಲಿಯನ್ನೂ ಹಾಕಬಹುದು. ಅದರಲ್ಲಿ ವಿದ್ಯುತ್ತು ಎಡೆಬಿಡದೆ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ, ಕಣ್ಣೆವೆ ಇಕ್ಕುವುದಕ್ಕಿಂತ ಕಡಿಮೆ ಹೊತ್ತಿನ ಒಂದು ಮಿಡಿತವಾಗಿ ಬರುತ್ತದೆ. ಮುಟ್ಟಿದವರನ್ನು ಬೆಚ್ಚಿಸಿ ಹಿಂದಕ್ಕಟ್ಟುತ್ತದೆ, ಕೊಲ್ಲುವುದಿಲ್ಲ. ನೋಡುವವರಿಗೆ ಎರಡೂ ತಂತಿಯೇ. ಒಂದು ನಿವಾರಣೆ, ಇನ್ನೊಂದು ವಧೆ. ಹನ್ನೊಂದು ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರರ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಕಾಂಪೌಂಡಿನ ಮೇಲೆ ಕಾಣುವಂತೆ ಕೂರಿಸಿದ ಗಾಜಿನ ಚೂರು, ಬೀಗ, ಬೊಗಳುವ ನಾಯಿ, ಹೊರಗಿನ ದೀಪ ಇವೆಲ್ಲ “ಬರಬೇಡ” ಎನ್ನುತ್ತವೆ. ಅಡಗಿಸಿಟ್ಟ ತಂತಿ “ಬಾ, ಸಾಯಿ” ಎನ್ನುತ್ತದೆ.

ಇಲ್ಲಿ ಬಲವಾದ ಪೂರ್ವಪಕ್ಷವೊಂದುಂಟು, ಅದನ್ನು ಮರೆಮಾಚಬಾರದು. ಹಿಂದೆ ಹೇಳಿದ ತರಗತಿಯಲ್ಲಿ ಅಡಿಕೆ ತೋಟದವರ ಹುಡುಗನೊಬ್ಬ ಎದ್ದುನಿಂತು ಹೀಗೆ ಕೇಳಿದ: “ಸಾರ್, ತಟ್ಟೆ ಲೋಟ ಹೋದರೆ ಹೋಗಲಿ. ವರ್ಷದ ಫಸಲನ್ನೇ ಒಂದು ರಾತ್ರಿ ಕೊಯ್ದುಕೊಂಡು ಹೋದರೆ ನಮ್ಮಪ್ಪ ಸಾಲಗಾರರಿಗೆ ಏನು ಹೇಳಬೇಕು? ಆಗ ಹೋದದ್ದು ಬರೀ ಸೊತ್ತೇ?” ಈ ಪ್ರಶ್ನೆಗೆ ನಾನು ಆ ದಿನ ತಡವರಿಸಿದೆ. ಬಡವನ ಜೋಡೆತ್ತು, ವಿಧವೆಯ ಎರಡೆಳೆ ಸರ, ಕಣದಲ್ಲಿ ರಾಶಿ ಹಾಕಿದ ರಾಗಿ ಇವು ಬರಿಯ ವಸ್ತುಗಳಲ್ಲ. ಕಳೆದ ಆಯುಷ್ಯ, ಮುಂದಿನ ಊಟ. “ಪ್ರಾಣಕ್ಕಿಂತ ಸೊತ್ತು ದೊಡ್ಡದೇ?” ಎಂದು ಹೊಟ್ಟೆ ತುಂಬಿದವನು ಕೇಳುವುದು ಸುಲಭ.

ಇದಕ್ಕೆ ಸಮಾಧಾನವನ್ನು ಹೀಗೆ ಹೇಳಬಹುದೆಂದು ತೋರುತ್ತದೆ. ಆ ಹುಡುಗನ ತಂದೆ ತೋಟ ಕಾಯಬಹುದು, ಕೂಗಿ ಜನ ಸೇರಿಸಬಹುದು, ಕಳ್ಳನನ್ನು ಹಿಡಿದು ಕಟ್ಟಬಹುದು, ಕೊಯ್ದ ಗೊನೆಗಳನ್ನು ಬಲದಿಂದ ಕಿತ್ತುಕೊಳ್ಳಬಹುದು. ಕಳ್ಳನು ಕತ್ತಿಯೆತ್ತಿದರೆ ಅದು ಪ್ರಾಣದ ಪ್ರಶ್ನೆಯಾಗುತ್ತದೆ, ಆಗ ಹಿಂದೆಗೆಯಬೇಕಾಗಿಲ್ಲ. ಯಾರೂ ಅವನನ್ನು ಕೈಕಟ್ಟಿ ಕೂರೆನ್ನುತ್ತಿಲ್ಲ. ನಿಷೇಧವಿರುವುದು ಒಂದಕ್ಕೇ: ಗೊನೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸುವುದಕ್ಕೆ. ಫಸಲು ಹೋದರೆ ಬರುವ ನಷ್ಟ ಘೋರವೇ. ಆದರೂ ಅದು ಸಾಲವಾಗಿ, ಸಹಾಯವಾಗಿ, ಮುಂದಿನ ವರ್ಷದ ಬೆಳೆಯಾಗಿ ಸ್ವಲ್ಪವಾದರೂ ತುಂಬುವಂಥದು. ಸತ್ತವನನ್ನು ತುಂಬಿಕೊಡುವ ಬೆಳೆಯಿಲ್ಲ. ಇನ್ನು ಒಂದು ಕಳವಿನಿಂದ ಒಂದು ಸಂಸಾರ ಮುಳುಗಿಹೋಗುವುದಾದರೆ ಅದಕ್ಕೆ ಪರಿಹಾರ ಪೋಲೀಸಿನವರು, ಸಹಕಾರ ಸಂಘ, ವಿಮೆ, ನೆರೆಹೊರೆ ಇವರೆಲ್ಲರ ಮೇಲಿನ ಋಣ. ಆ ಋಣವನ್ನು ನಾವು ತೀರಿಸದೆ, ಬಡವನ ಕೈಗೆ ಕೋವಿಯನ್ನು ಕೊಟ್ಟು ಧರ್ಮವನ್ನು ಮುಗಿಸಿದೆವೆಂದುಕೊಳ್ಳುವುದು ಅವನಿಗೂ ಅನ್ಯಾಯ.

ಶಿಕ್ಷೆಯ ಲೆಕ್ಕವನ್ನೂ ನೋಡಿ. ಸಾಮಾನ್ಯ ಕಳವಿಗೆ ನ್ಯಾಯಾಲಯವು ಕೊಡಬಹುದಾದ ಸೆರೆ ಮೊದಲ ಬಾರಿಗೆ ಹೆಚ್ಚೆಂದರೆ 3 ವರ್ಷ. ವಾಸದ ಮನೆಯಲ್ಲಿ ಕದ್ದರೆ 7 ವರ್ಷ. ಸಾಮಾನ್ಯ ಕಳವಿನಲ್ಲಿ ಕದ್ದದ್ದು 5,000 ರೂಪಾಯಿಗಿಂತ ಕಡಿಮೆಯಾಗಿ, ಮೊದಲ ಅಪರಾಧವಾಗಿ, ಮಾಲನ್ನು ಹಿಂದಿರುಗಿಸಿದರೆ ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ಸಾಕ್ಷ್ಯ ಕೇಳಿ, ವಾದ ಆಲಿಸಿ, ನ್ಯಾಯಾಧೀಶರು ಸೇವೆಯ ಶಿಕ್ಷೆ ಕೊಡುವ ತಪ್ಪಿಗೆ ನಾವು ಅರೆಗಳಿಗೆಯಲ್ಲಿ ಮರಣವನ್ನು ವಿಧಿಸುತ್ತೇವೆಯೆ? ಹಿಡಿದು ಕಂಬಕ್ಕೆ ಕಟ್ಟಿದ ಕಳ್ಳನಿಗೆ ಬೀದಿಯವರೆಲ್ಲ ಸರದಿಯಂತೆ ಬಾರಿಸುವುದನ್ನು ರಕ್ಷಣೆಯೆಂದು ಯಾರೂ ಕರೆಯಲಾರರು. ಕಟ್ಟಿದ ಹಗ್ಗದ ಗಂಟು ಬಿಗಿಯಾದಲ್ಲಿಗೆ ನಮ್ಮ ಹಕ್ಕು ಮುಗಿಯಿತು.

ಇದಕ್ಕೂ ಮೇಲಿನ ಮೆಟ್ಟಿಲೊಂದಿದೆ. ಗಾಂಧೀಜಿಯವರು 1909ರಲ್ಲಿ ಬರೆದ ‘ಹಿಂದ್ ಸ್ವರಾಜ್’ನಲ್ಲಿ ಮನೆಗೆ ಬಂದ ಕಳ್ಳನ ಪ್ರಸಂಗವನ್ನೇ ಎತ್ತಿಕೊಂಡು, ಬಂದವನು ನಿಮ್ಮ ತಂದೆಯೇ ಆಗಿದ್ದರೆ ನೀವು ಅನುಸರಿಸುವ ಉಪಾಯವೇ ಬೇರೆಯಾಗುತ್ತಿತ್ತಲ್ಲವೇ ಎಂದು ಕೇಳುತ್ತಾರೆ. ಹಸುಗಳನ್ನು ಕದ್ದೊಯ್ದವರ ಹಿಂದೆ ಬಸವಣ್ಣನವರು ಕರುಗಳನ್ನೂ ಕಳುಹಿಸಿದರೆಂಬ ಕಥೆ ನಮ್ಮಲ್ಲಿ ಮನೆಮಾತಾಗಿದೆ. ಆ ಎತ್ತರಕ್ಕೆ ನಾವೆಲ್ಲ ಏರಬಲ್ಲೆವೆಂದು ಹೇಳುವ ಧೈರ್ಯ ನನಗಿಲ್ಲ, ಒನಕೆಯೆತ್ತಿದವನು ನಾನು. ಆದರೆ ಗಾಂಧೀಜಿಯವರ ಆ ಪ್ರಶ್ನೆಯನ್ನು ನಾನು ಓದುವಾಗಲೆಲ್ಲ ನೆನಪಾಗುವುದು ಆ ರಾತ್ರಿ ಬಾಗಿಲಲ್ಲಿ ನಿಂತಿದ್ದ ಆಕೃತಿ. ಅದು ನಿಜವಾಗಿಯೂ ಒಬ್ಬರ ತಂದೆಯೇ ಆಗಿತ್ತು.

ಆದುದರಿಂದ, ಓದುಗರೇ, ಇಂದು ಸಂಜೆಯೇ ಮಾಡಬಹುದಾದ ಕೆಲಸಗಳಿವೆ. ಹಿತ್ತಲ ಬಾಗಿಲಿನ ಚಿಲಕವನ್ನು ಬಲಪಡಿಸಿ. ಹೊರಗೊಂದು ದೀಪ ಹಾಕಿಸಿ. ಕತ್ತಲೆ ಕಡಿಮೆಯಾದಷ್ಟೂ ಕಳ್ಳನಿಗೂ ಭಯ, ನಮಗೂ ವಿವೇಕ. ಪೋಲೀಸ್ ಠಾಣೆಗೆ 112ರ ಮೂಲಕ ಕರೆ ಹೋಗುತ್ತದೆಂಬುದನ್ನು ಮನೆಯವರಿಗೆಲ್ಲ ತಿಳಿಸಿಡಿ. ಸದ್ದಾದರೆ ಮೊದಲು ದೀಪ ಹಾಕಿ, ಗಟ್ಟಿಯಾಗಿ “ಯಾರದು?” ಎಂದು ಕೂಗಿ. ಕಳ್ಳನಾಗಿದ್ದರೆ ಓಡಿಹೋಗುವುದೇ ಹೆಚ್ಚು, ಓಡಿದರೆ ಓಡಲಿ. ಕಳ್ಳನಲ್ಲದಿದ್ದರೆ ಉತ್ತರ ಬರುತ್ತದೆ.

ನಾನು ಆ ರಾತ್ರಿ ಕೂಗಲಿಲ್ಲ. ನಮ್ಮ ಮನೆಯಲ್ಲಿ ಈಗಲೂ ಆ ಒನಕೆ ಇದೆ; ಆದರೆ ಬಾಗಿಲ ಹತ್ತಿರ ಇಟ್ಟಿರುವುದು ಟಾರ್ಚನ್ನು.